ಅಮೆರಿಕದಲ್ಲಿರುವ 1984ರ ಸಾಕ್ಷಿ ದಿಲ್ಲಿಯ ಕೋರ್ಟಿಗೆ ಇನ್ನೂ ಬೇಕೆ?

ಪ್ರಶ್ನೆ: ನಾನು ಬೀದರ್‌ನವನು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಕೆಲಸದಲ್ಲಿದ್ದೇನೆ, ಇನ್ನೂ ಭಾರತದ ಪಾಸ್‌ಪೋರ್ಟೇ ಇದೆ. ಹೆಂಡತಿ ಸಿಖ್ ಮನೆತನದವಳು. ಅತ್ತೆಯವರಿಗೆ ಈಗ 71 ವರ್ಷ. ಇಂದಿರಾ ಗಾಂಧಿ ಹತ್ಯೆಯ ಬೆನ್ನಿಗೆ ಸಿಖ್ಖರ ಮೇಲೆ ದಾಳಿ ನಡೆದಾಗ, 1984ರ ನವೆಂಬರ್ 1ರಂದು ದಿಲ್ಲಿಯ ತ್ರಿಲೋಕಪುರಿಯಲ್ಲಿ ಅವರ ಕಣ್ಣೆದುರೇ ಗಂಡನನ್ನೂ ಮೈದುನನನ್ನೂ ಕೊಂದರು. ಗುಂಪಿನಲ್ಲಿದ್ದ ಒಬ್ಬನ ಹೆಸರು ಅವರಿಗೆ ಗೊತ್ತು, ಇನ್ನಿಬ್ಬರ ಮುಖ ನೆನಪಿದೆ. ಪರಿಹಾರದ ಹಣ ಬಂತು, ಆದರೆ ಕೋರ್ಟಿಗೆ ಯಾರೂ ಕರೆಯಲಿಲ್ಲ. ತೊಂಬತ್ತರ ದಶಕದಲ್ಲಿ ಆಶ್ರಯ ಕೋರಿ ಇಲ್ಲಿಗೆ ಬಂದರು. ಈಗ ಅಮೆರಿಕದ ಪೌರತ್ವವಿದೆ, ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಇದೆ. ಇಲ್ಲಿನ ಒಂದು ಗುಂಪು 'ಅಮೆರಿಕದ ಕೋರ್ಟಿನಲ್ಲಿ ದಾವೆ ಹೂಡುತ್ತೇವೆ, ನರಮೇಧ ಎಂದು ಶಾಸನಸಭೆಗಳಿಂದ ಘೋಷಣೆ ಮಾಡಿಸುತ್ತೇವೆ. ದೇಣಿಗೆ ಕೊಡಿ, ಅತ್ತೆಯವರ ವಿಡಿಯೊ ಹೇಳಿಕೆಯನ್ನೂ ಕೊಡಿ' ಎನ್ನುತ್ತಿದೆ. ದಿಲ್ಲಿಯ ನೆಂಟರು 'ಅದರ ಗೊಡವೆಯೇ ಬೇಡ, ಒಸಿಐ ಹೋಗುತ್ತದೆ' ಎನ್ನುತ್ತಾರೆ. ಇಷ್ಟು ವರ್ಷವಾದ ಮೇಲೆ ಏನಾದರೂ ಮಾಡಲು ಸಾಧ್ಯವೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಹೆಣೆದುಕೊಂಡಿವೆ. ಕಾಲ ಮಿಂಚಿಹೋಯಿತೇ, ಯಾವ ದಾರಿ ಹಿಡಿದರೆ ಫಲ ಸಿಕ್ಕೀತು, ಅದರಿಂದ ಮನೆಯವರಿಗೆ ತೊಂದರೆಯಾದೀತೇ. ಮೊದಲನೆಯದಕ್ಕೆ ಉತ್ತರ ನೇರವಾಗಿದೆ: ಕೊಲೆ ಪ್ರಕರಣಕ್ಕೆ ಭಾರತದ ಕಾನೂನಿನಲ್ಲಿ ಕಾಲಮಿತಿ ಇಲ್ಲ. ಕೊಂದವನ ಹೆಸರು ಹೇಳಬಲ್ಲ ಪ್ರತ್ಯಕ್ಷ ಸಾಕ್ಷಿ ಬದುಕಿದ್ದಾರೆ ಎಂದರೆ, ಹೊರದೇಶದಲ್ಲಿರುವ ಸಿಖ್ ಸಮುದಾಯದ ಕೈಯಲ್ಲಿ ಅದಕ್ಕಿಂತ ಬೆಲೆಬಾಳುವುದು ಇನ್ನೊಂದಿಲ್ಲ. ಆದರೆ ಆ ಸಾಕ್ಷ್ಯ ಸೇರಬೇಕಾದ ಜಾಗ ದಿಲ್ಲಿಯ ಸೆಷನ್ಸ್ ನ್ಯಾಯಾಲಯ, ನ್ಯೂಯಾರ್ಕ್ ಅಲ್ಲ. ಹಾಗಾಗಿ ಮೊದಲ ಮಾತು: ಆ ವಿಡಿಯೊ ಹೇಳಿಕೆಯನ್ನು ಸದ್ಯಕ್ಕೆ ಯಾರಿಗೂ ಕೊಡಬೇಡಿ. ಕಾರಣ ಮುಂದೆ ಹೇಳುತ್ತೇನೆ.

'ಎಲ್ಲ ಮುಗಿದುಹೋಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ' ಎಂಬ ಮಾತನ್ನು ವಿದೇಶದಲ್ಲಿರುವ ಅನೇಕ ಕುಟುಂಬಗಳು ನಂಬಿಬಿಟ್ಟಿವೆ. ಹಾಗೆ ನಂಬಲು ಕಾರಣಗಳು ಬೇಕಾದಷ್ಟಿವೆ. ಸರ್ಕಾರದ್ದೇ ಲೆಕ್ಕದಲ್ಲಿ ದಿಲ್ಲಿಯೊಂದರಲ್ಲೇ 2,733 ಜನ ಸತ್ತರು. ದಾಖಲಾದ ಎಫ್‌ಐಆರ್‌ಗಳು 587. ಅವುಗಳಲ್ಲಿ ಸುಮಾರು 240 ಪ್ರಕರಣಗಳನ್ನು 'ಆರೋಪಿಗಳು ಪತ್ತೆಯಾಗಲಿಲ್ಲ' ಎಂದು ಬರೆದು ಮುಚ್ಚಿದರು. ನಮ್ಮ ಠಾಣೆಗಳ ಭಾಷೆಯಲ್ಲಿ ಹೇಳುವುದಾದರೆ ಸಿ ರಿಪೋರ್ಟ್. ಕೋರ್ಟಿಗೆ ಹೋದವುಗಳಲ್ಲೂ ಬಹುಪಾಲು ಖುಲಾಸೆಯಲ್ಲಿ ಮುಗಿದವು.

ಆದರೆ ಕತೆ ಅಲ್ಲಿಗೆ ನಿಂತಿಲ್ಲ. 2015ರಲ್ಲಿ ಕೇಂದ್ರ ಗೃಹ ಸಚಿವಾಲಯ ರಚಿಸಿದ ವಿಶೇಷ ತನಿಖಾ ತಂಡ (ಎಸ್‌ಐಟಿ) ಕೆಲವು ಪ್ರಕರಣಗಳನ್ನು ಮತ್ತೆ ತೆರೆಯಿತು. ಮಹಿಪಾಲ್‌ಪುರದ ಇಬ್ಬರು ಯುವಕರ ಕೊಲೆಗೆ 2018ರ ನವೆಂಬರ್‌ನಲ್ಲಿ ಒಬ್ಬನಿಗೆ ಗಲ್ಲು, ಇನ್ನೊಬ್ಬನಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು ಅದರ ಫಲ. 2018ರ ಡಿಸೆಂಬರ್ 17ರಂದು ದಿಲ್ಲಿ ಹೈಕೋರ್ಟ್, ಪಾಲಂ ಕಾಲೊನಿಯ ರಾಜನಗರದಲ್ಲಿ ಐವರನ್ನು ಕೊಂದ ಪ್ರಕರಣದಲ್ಲಿ ಮಾಜಿ ಸಂಸದ ಸಜ್ಜನ್ ಕುಮಾರ್‌ಗೆ ಬದುಕಿರುವವರೆಗೂ ಜೈಲು ಎಂದು ತೀರ್ಪು ಕೊಟ್ಟಿತು. ಕೆಳಗಿನ ಕೋರ್ಟ್ 2013ರಲ್ಲಿ ಬಿಟ್ಟುಬಿಟ್ಟಿದ್ದ ಪ್ರಕರಣವದು. ಸರಸ್ವತಿ ವಿಹಾರದಲ್ಲಿ ತಂದೆ-ಮಗನನ್ನು ಕೊಂದದ್ದಕ್ಕೆ 2025ರ ಫೆಬ್ರುವರಿಯಲ್ಲಿ ಅದೇ ವ್ಯಕ್ತಿಗೆ ಮತ್ತೊಂದು ಜೀವಾವಧಿ ಶಿಕ್ಷೆಯಾಯಿತು. ರಾಜನಗರದ ತೀರ್ಪನ್ನು ಓದಿ ನೋಡಿ. ಅದು ನಿಂತಿರುವುದು ಮುಖ್ಯವಾಗಿ ಮನೆಯವರನ್ನು ಕಳೆದುಕೊಂಡ ಕೆಲವರು ಪಾಟೀಸವಾಲಿನಲ್ಲಿ ಕದಲದೆ ಹೇಳಿದ ಮಾತಿನ ಮೇಲೆ.

ನಿಮ್ಮ ಅತ್ತೆಯವರಿಗೆ ತೀರ ಹತ್ತಿರದ ಉದಾಹರಣೆ ಪುಲ್ ಬಂಗಶ್ ಗುರುದ್ವಾರದ ಪ್ರಕರಣ. ಅಲ್ಲಿ 1984ರ ನವೆಂಬರ್ 1ರಂದು ಮೂವರು ಕೊಲೆಯಾದರು. ಆರೋಪ ಇರುವುದು ಕೇಂದ್ರದ ಮಾಜಿ ಸಚಿವ ಜಗದೀಶ್ ಟೈಟ್ಲರ್ ಮೇಲೆ, ಅದನ್ನು ಅವರು ನಿರಾಕರಿಸುತ್ತ ಬಂದಿದ್ದಾರೆ. 2007ರಲ್ಲಿ ಸಿಬಿಐ, ಮುಖ್ಯ ಸಾಕ್ಷಿಯೊಬ್ಬರು ಸಿಗುತ್ತಿಲ್ಲ ಎಂದು ಹೇಳಿ ಮುಕ್ತಾಯ ವರದಿ ಸಲ್ಲಿಸಿತು. ಆ ಸಾಕ್ಷಿ ಇದ್ದದ್ದು ಕ್ಯಾಲಿಫೋರ್ನಿಯಾದಲ್ಲಿ. ತಾನಿಲ್ಲೇ ಇದ್ದೇನೆ, ಹೇಳಿಕೆ ಕೊಡಲು ಸಿದ್ಧ ಎಂದು ಅವರು ಮಾಧ್ಯಮದ ಮುಂದೆ ಬಂದ ಮೇಲೆ ಕೋರ್ಟ್ ಮರುತನಿಖೆಗೆ ಆದೇಶಿಸಿತು. 2008ರ ಕೊನೆಗೆ ಸಿಬಿಐ ತಂಡ ನ್ಯೂಯಾರ್ಕ್‌ಗೆ ಹೋಗಿ ಹೇಳಿಕೆ ಬರೆದುಕೊಂಡಿತು. 2009ರಲ್ಲಿ ಮತ್ತೊಂದು ಮುಕ್ತಾಯ ವರದಿ. 2013ರಲ್ಲಿ ಸೆಷನ್ಸ್ ಕೋರ್ಟ್ ಅದನ್ನೂ ತಳ್ಳಿಹಾಕಿ, ಅಮೆರಿಕದಲ್ಲಿರುವ ಇನ್ನಷ್ಟು ಸಾಕ್ಷಿಗಳನ್ನು ವಿಚಾರಿಸಿ ಎಂದಿತು. 2023ರಲ್ಲಿ ದೋಷಾರೋಪ ಪಟ್ಟಿ ಬಂತು, 2024ರ ಸೆಪ್ಟೆಂಬರ್‌ನಲ್ಲಿ ಆರೋಪ ನಿಗದಿಯಾಯಿತು. ಹದಿನೇಳು ವರ್ಷ ಆ ಕಡತವನ್ನು ಉಸಿರಾಡುವಂತೆ ಇಟ್ಟದ್ದು ಸಂತ್ರಸ್ತ ಕುಟುಂಬ ಮತ್ತೆ ಮತ್ತೆ ಸಲ್ಲಿಸಿದ ಆಕ್ಷೇಪಣಾ ಅರ್ಜಿ, ಜೊತೆಗೆ ಸಾಗರದಾಚೆಯಿಂದ ಬಂದ ಸಾಕ್ಷ್ಯ.

ಪ್ರಕರಣಗಳು ಬಿದ್ದುಹೋಗಲು ಏನು ಕಾರಣ ಎಂಬುದು ಗೊತ್ತಿದ್ದರೆ ನೀವು ಎಲ್ಲಿ ಎಚ್ಚರ ವಹಿಸಬೇಕೆಂಬುದೂ ತಿಳಿಯುತ್ತದೆ. ಮೊದಲ ದೋಷ ಠಾಣೆಯಲ್ಲೇ ಆಯಿತು. ಬೇರೆ ಬೇರೆ ಮನೆ, ಬೇರೆ ಬೇರೆ ಕೊಲೆಗಳ ನೂರಾರು ದೂರುಗಳನ್ನು ಒಂದೇ ಎಫ್‌ಐಆರ್‌ನಲ್ಲಿ ಕಟ್ಟಿಹಾಕಿ, ಒಬ್ಬನೇ ತನಿಖಾಧಿಕಾರಿಯ ಕೈಗೆ ಕೊಟ್ಟರು. ಸುಪ್ರೀಂ ಕೋರ್ಟ್ 2018ರಲ್ಲಿ ನ್ಯಾಯಮೂರ್ತಿ ಎಸ್.ಎನ್. ಧಿಂಗ್ರಾ ನೇತೃತ್ವದಲ್ಲಿ ನೇಮಿಸಿದ ಎಸ್‌ಐಟಿ 186 ಮುಚ್ಚಿದ ಕಡತಗಳನ್ನು ನೋಡಿ ಇದನ್ನೇ ಎತ್ತಿಹೇಳಿತು. ಆಗ ತ್ರಿಲೋಕಪುರಿ ಇದ್ದದ್ದು ಕಲ್ಯಾಣಪುರಿ ಠಾಣೆಯ ವ್ಯಾಪ್ತಿಯಲ್ಲಿ. ಅಲ್ಲಿನ ಕಡತಗಳ ಹಣೆಬರಹವೂ ಇದೇ. ಎರಡನೆಯದು, ಹೆಸರು ಹೇಳಿದರೂ ಪೊಲೀಸರು ಬರೆದುಕೊಳ್ಳದೆ 'ಗುಂಪು' ಎಂದಷ್ಟೇ ನಮೂದಿಸಿದ್ದು. ತ್ರಿಲೋಕಪುರಿ ಗಲಭೆಯ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ ಕೆಲವರನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಬಿಡುಗಡೆ ಮಾಡಿದಾಗ, ಅವರನ್ನು ನೇರವಾಗಿ ಗುರುತಿಸಿದ ಸಾಕ್ಷ್ಯ ಇರಲಿಲ್ಲ.

ಮೂರನೆಯದು ಆಯೋಗಗಳ ಮೇಲಿನ ಭರವಸೆ. ಮಾರ್ವಾ, ಮಿಶ್ರಾ, ಜೈನ್-ಅಗರ್‌ವಾಲ್, ನಾನಾವತಿ ಎಂದು ಸಮಿತಿ, ಆಯೋಗಗಳ ಸಾಲೇ ಇದೆ. ಅವುಗಳ ಮುಂದೆ ಅಫಿಡವಿಟ್ ಕೊಟ್ಟವರು 'ಸಾಕ್ಷಿ ಹೇಳಿದ್ದೇವೆ' ಎಂದುಕೊಂಡರು. ಆಯೋಗ ಯಾರಿಗೂ ಶಿಕ್ಷೆ ಕೊಡಲಾರದು, ಅದರ ಮುಂದಿನ ಹೇಳಿಕೆ ಕ್ರಿಮಿನಲ್ ವಿಚಾರಣೆಯಲ್ಲಿ ಸಾಕ್ಷ್ಯವೂ ಅಲ್ಲ. ಅತ್ತೆಯವರು ಹಿಂದೆ ಅಂಥ ಅಫಿಡವಿಟ್ ಕೊಟ್ಟು, ಅದರಲ್ಲಿ ವಕೀಲರು ಏನೋ ತಪ್ಪು ಬರೆದಿದ್ದರೆ ಹೆದರಬೇಕಿಲ್ಲ: ಆಯೋಗದ ಮುಂದಿನ ಹೇಳಿಕೆಯನ್ನು ಸಾಕ್ಷಿಯ ಮಾತು ಸುಳ್ಳೆನ್ನಲು ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಆ ತೀರ್ಪು ಬಂದದ್ದು ಇಂದಿರಾ ಗಾಂಧಿ ಹತ್ಯೆಯ ಪ್ರಕರಣದಲ್ಲೇ, ಕೇಹರ್ ಸಿಂಗ್ ಮೇಲ್ಮನವಿಯಲ್ಲಿ.

ಇನ್ನು ಆ ಗುಂಪು ಹೇಳುವ ಅಮೆರಿಕದ ದಾವೆ. ಈ ದಾರಿಯನ್ನು ಆಗಲೇ ತುಳಿದು ನೋಡಿಯಾಗಿದೆ. ಕಾಂಗ್ರೆಸ್ ಪಕ್ಷ, ಕಮಲ್ ನಾಥ್, ಸೋನಿಯಾ ಗಾಂಧಿ, ಮನಮೋಹನ್ ಸಿಂಗ್ ಮೇಲೆಲ್ಲ 2010ರಿಂದ 2014ರ ನಡುವೆ ಅಲ್ಲಿನ ಫೆಡರಲ್ ಕೋರ್ಟುಗಳಲ್ಲಿ ದಾವೆಗಳು ಬಿದ್ದವು. ಒಂದೂ ವಿಚಾರಣೆಯ ಹಂತ ತಲುಪಲಿಲ್ಲ. 'ಅಮೆರಿಕದ ಕೋರ್ಟ್ ಸಮನ್ಸ್ ಕಳಿಸಿತು' ಎಂಬ ಸುದ್ದಿ ಓದಿ ಜನ ಹಿಗ್ಗಿದರು. ಆದರೆ ಅಲ್ಲಿ ದಾವೆ ಹೂಡಿ ಶುಲ್ಕ ಕಟ್ಟಿದೊಡನೆ ಕೋರ್ಟಿನ ಗುಮಾಸ್ತರ ಕಚೇರಿಯೇ ಸಮನ್ಸ್ ಮುದ್ರೆ ಒತ್ತಿ ಕೊಡುತ್ತದೆ. ನ್ಯಾಯಾಧೀಶರು ಆರೋಪದಲ್ಲಿ ಹುರುಳಿದೆ ಎಂದು ಕಂಡುಕೊಂಡಿದ್ದಾರೆ ಎಂದೇನೂ ಅದರ ಅರ್ಥವಲ್ಲ.

ದಾವೆಗಳು ಬಿದ್ದದ್ದು ಎಲ್ಲಿ? ಮೊದಲು ಸಮನ್ಸ್ ಜಾರಿಯಲ್ಲಿ. ಭಾರತದಲ್ಲಿರುವ ಪ್ರತಿವಾದಿಗೆ, ವಿದೇಶಗಳಲ್ಲಿ ಸಮನ್ಸ್ ಜಾರಿ ಕುರಿತ ಹೇಗ್ ಒಪ್ಪಂದದ ಪ್ರಕಾರ ಕೇಂದ್ರ ಕಾನೂನು ಸಚಿವಾಲಯದ ಮೂಲಕವೇ ಜಾರಿ ಆಗಬೇಕು. ಅಂಚೆಯಲ್ಲಿ ಕಳಿಸಿದರೆ ನಡೆಯದು. ಅಮೆರಿಕಕ್ಕೆ ಬಂದಾಗ ಯಾರದೋ ಕೈಗೆ ಕಾಗದ ಕೊಟ್ಟೆವು ಎಂಬುದನ್ನು ಕೋರ್ಟುಗಳು ಒಪ್ಪಲಿಲ್ಲ. ನಂತರ ಕಾನೂನಿನಲ್ಲಿ. ವಿದೇಶಿಯರು ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆಗೆ ಪರಿಹಾರ ಕೇಳಬಹುದಾದ 1789ರ ಹಳೆಯ ಕಾಯ್ದೆಯ ಬಾಗಿಲನ್ನು ಅಮೆರಿಕದ ಸುಪ್ರೀಂ ಕೋರ್ಟ್ 2013ರ ಕಿಯೋಬೆಲ್ ತೀರ್ಪಿನಲ್ಲಿ ಬಹುಮಟ್ಟಿಗೆ ಮುಚ್ಚಿತು: ಕೃತ್ಯಕ್ಕೂ ಅಮೆರಿಕದ ನೆಲಕ್ಕೂ ಗಟ್ಟಿ ಸಂಬಂಧ ಇರಬೇಕು. ಚಿತ್ರಹಿಂಸೆಗೆ ಬಲಿಯಾದವರ ರಕ್ಷಣೆಯ ಕಾಯ್ದೆಯಡಿ ವ್ಯಕ್ತಿಗಳ ಮೇಲಷ್ಟೇ ದಾವೆ ಹೂಡಬಹುದು, ಪಕ್ಷ-ಸಂಸ್ಥೆಗಳ ಮೇಲಲ್ಲ ಎಂದು 2012ರಲ್ಲೇ ತೀರ್ಮಾನವಾಗಿದೆ. ಅದಕ್ಕೆ ಹತ್ತು ವರ್ಷದ ಗಡುವು ಬೇರೆ. ಅಧಿಕಾರದಲ್ಲಿರುವ ಪ್ರಧಾನಿಗೆ ಇನ್ನೊಂದು ರಕ್ಷಣೆ. ಹೊಸ ದಾವೆ ಈ ಗೋಡೆಗಳಲ್ಲಿ ಯಾವುದನ್ನು ದಾಟುತ್ತದೆ ಎಂದು ಹಣ ಕೇಳಿದವರನ್ನೇ ಕೇಳಿ. ಲಿಖಿತ ಉತ್ತರ ಬಾರದಿದ್ದರೆ ದುಡ್ಡು ಕೊಡಬೇಡಿ.

ಅಂತರರಾಷ್ಟ್ರೀಯ ನ್ಯಾಯಾಲಯದ ಮಾತು ಬಂದರೆ ಹೆಚ್ಚು ಹೊತ್ತು ಬೇಕಿಲ್ಲ. ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ 2002ರ ಜುಲೈ 1ಕ್ಕಿಂತ ಹಿಂದಿನದನ್ನು ಮುಟ್ಟುವುದೇ ಇಲ್ಲ, ಭಾರತ ಅದರ ಸದಸ್ಯನೂ ಅಲ್ಲ. ಹೇಗ್‌ನ ಇನ್ನೊಂದು ನ್ಯಾಯಾಲಯಕ್ಕೆ ದೇಶಗಳಷ್ಟೇ ಹೋಗಬಹುದು. ನರಮೇಧ ಒಪ್ಪಂದದ ವಿವಾದಗಳನ್ನು ಆ ನ್ಯಾಯಾಲಯಕ್ಕೆ ಒಯ್ಯುವ ವಿಧಿಗೆ ಭಾರತ ತನ್ನ ಒಪ್ಪಿಗೆ ಬೇಕೆಂಬ ಷರತ್ತು ಹಾಕಿದೆ. ಬ್ರಿಟನ್‌ನಲ್ಲಿ ಚಿತ್ರಹಿಂಸೆ ಕೊಟ್ಟ ವಿದೇಶಿ ಅಧಿಕಾರಿಯನ್ನು ಅಲ್ಲೇ ವಿಚಾರಣೆಗೆ ಒಳಪಡಿಸುವ ಕಾನೂನಿದೆ, ಆದರೆ ಅದು ಅನ್ವಯವಾಗುವುದು 1988ರ ಸೆಪ್ಟೆಂಬರ್ 29ರ ನಂತರದ ಕೃತ್ಯಗಳಿಗೆ. ಹಾಗಾಗಿ ನವೆಂಬರ್ 84ಕ್ಕೆ ಅದರ ಉಪಯೋಗವಿಲ್ಲ. ತೊಂಬತ್ತರ ದಶಕದಲ್ಲಿ ಪಂಜಾಬಿನಲ್ಲಿ ಪೊಲೀಸರು ಎತ್ತಿಕೊಂಡು ಹೋಗಿ ಹಿಂಸಿಸಿದ ಪ್ರಕರಣಗಳ ಮಾತು ಬೇರೆ, ಅದೂ ಆರೋಪಿ ಬ್ರಿಟನ್ನಿಗೆ ಕಾಲಿಟ್ಟರೆ.

ಶಾಸನಸಭೆಗಳ ನಿರ್ಣಯಗಳನ್ನು ನಾನು ತಳ್ಳಿಹಾಕುವುದಿಲ್ಲ. ಒಂಟಾರಿಯೊ ಶಾಸನಸಭೆ 2017ರ ಏಪ್ರಿಲ್‌ನಲ್ಲಿ 34-5 ಮತಗಳಿಂದ ಇದನ್ನು ನರಮೇಧ ಎಂದು ಕರೆಯಿತು. ಕ್ಯಾಲಿಫೋರ್ನಿಯಾದ ವಿಧಾನಸಭೆ 2023ರಲ್ಲಿ, ಅಮೆರಿಕದ ಸಂಸತ್ತು ಹಾಗೆ ಗುರುತಿಸಬೇಕೆಂದು ಕೇಳಿಕೊಂಡಿತು. ಕೆನಡಾದ ಸಂಸತ್ತಿನಲ್ಲಿ 2024ರ ಡಿಸೆಂಬರ್‌ನಲ್ಲಿ ಇದನ್ನು ನರಮೇಧ ಎಂದು ಸಾರಲು ಸರ್ವಾನುಮತ ಕೋರಿದಾಗ ಬೇಡ ಎಂದವರು ತುಮಕೂರು ಜಿಲ್ಲೆಯ ಮೂಲದ ಸಂಸದ ಚಂದ್ರ ಆರ್ಯ; ಕನ್ನಡಿಗರ ನಡುವೆಯೂ ಈ ವಿಷಯಕ್ಕೆ ಎರಡು ಬದಿ ಇದೆ. ಸತ್ತವರ ನೆನಪು ಸಾರ್ವಜನಿಕ ದಾಖಲೆ ಸೇರುವುದು ದೊಡ್ಡ ಸಂಗತಿ, ಕಳೆದುಕೊಂಡವರಿಗೆ ಅದು ಕೊಡುವ ಸಮಾಧಾನ ನಿಜವಾದದ್ದು. ಆದರೆ ಅಂಥ ನಿರ್ಣಯ ದಿಲ್ಲಿಯ ಯಾವ ಕೋರ್ಟನ್ನೂ ಬದ್ಧಗೊಳಿಸುವುದಿಲ್ಲ. ಭಾರತದ ಕ್ರಿಮಿನಲ್ ಕಾನೂನಿನಲ್ಲಿ ನರಮೇಧವಾಗಲಿ ಮಾನವೀಯತೆಯ ವಿರುದ್ಧದ ಅಪರಾಧವಾಗಲಿ ಇಲ್ಲ, ಈ ಕೊರತೆ ತುಂಬಬೇಕು ಎಂದು ದಿಲ್ಲಿ ಹೈಕೋರ್ಟೇ 2018ರ ತೀರ್ಪಿನಲ್ಲಿ ಬರೆಯಿತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ತುಂಬಲಿಲ್ಲ. ನಾಳೆ ತುಂಬಿದರೂ ಸಂವಿಧಾನದ 20ನೇ ವಿಧಿಯಿಂದಾಗಿ ಹಿಂದಿನ ಕೃತ್ಯಕ್ಕೆ ಅನ್ವಯಿಸುವಂತಿಲ್ಲ. ನಿಮ್ಮ ಅತ್ತೆಯವರ ಪ್ರಕರಣ ನಡೆಯುವುದಿದ್ದರೆ ಕೊಲೆ ಪ್ರಕರಣವಾಗಿಯೇ ನಡೆಯಬೇಕು.

ಈಗ ಕೆಲಸದ ಮಾತು. ಮೊದಲು ಬೇಕಾದದ್ದು ಎಫ್‌ಐಆರ್ ಸಂಖ್ಯೆ ಮತ್ತು ಆ ಪ್ರಕರಣದ ಇಂದಿನ ಸ್ಥಿತಿ. ಒಸಿಐ ಇರುವವರು ಮಾಹಿತಿ ಹಕ್ಕಿನ ಅರ್ಜಿ ಹಾಕುವಂತಿಲ್ಲ, ಅದು ಪೌರರಿಗೆ ಮಾತ್ರ. ನಿಮ್ಮದು ಭಾರತದ ಪಾಸ್‌ಪೋರ್ಟ್ ಆದ್ದರಿಂದ ನಿಮ್ಮ ಹೆಸರಲ್ಲೇ ಹಾಕಿ. ಸತ್ತವರ ಹೆಸರು, ತಂದೆಯ ಹೆಸರು, ಮನೆಯ ಬ್ಲಾಕ್ ಮತ್ತು ಸಂಖ್ಯೆ, ದಿನಾಂಕ, ಠಾಣೆ ಇಷ್ಟು ಬರೆದು, ಈ ಸಾವುಗಳು ಯಾವ ಎಫ್‌ಐಆರ್‌ನಲ್ಲಿ ಸೇರಿವೆ, ಅಂತಿಮ ವರದಿ ಏನು, ಯಾವ ಕೋರ್ಟ್, ಯಾವ ದಿನಾಂಕ ಎಂದು ಕೇಳಿ. ಪರಿಹಾರದ ಕಡತ ಎಸ್‌ಡಿಎಂ (ಉಪವಿಭಾಗಾಧಿಕಾರಿ) ಕಚೇರಿಯಲ್ಲಿರುತ್ತದೆ. 2006ರಲ್ಲಿ ಘೋಷಿಸಿದ ಮೂರೂವರೆ ಲಕ್ಷ, 2014ರಲ್ಲಿ ಘೋಷಿಸಿದ ಐದು ಲಕ್ಷ ರೂಪಾಯಿ ಬಂದಿದ್ದರೆ ಆ ಕಡತದಲ್ಲಿ ಬಹಳ ಸಲ ಎಫ್‌ಐಆರ್‌ನ ಉಲ್ಲೇಖವೂ ಇರುತ್ತದೆ. ದಿಲ್ಲಿ ಸಿಖ್ ಗುರುದ್ವಾರ ಪ್ರಬಂಧಕ ಸಮಿತಿ ಈ ಪ್ರಕರಣಗಳ ಬೆನ್ನು ಹತ್ತಿ ವರ್ಷಗಳೇ ಆಗಿವೆ, ಅವರನ್ನೂ ಕೇಳಿ.

ಉತ್ತರ ಮೂರು ಬಗೆಯಲ್ಲಿ ಬರಬಹುದು. ಪ್ರಕರಣ 'ಪತ್ತೆಯಾಗಲಿಲ್ಲ' ಎಂದು ಮುಚ್ಚಿದ್ದರೆ ಅದೇ ಒಳ್ಳೆಯ ಸುದ್ದಿ: ಹೊಸ ಸಾಕ್ಷಿ ಇದ್ದಾರೆ, ಹೆಚ್ಚಿನ ತನಿಖೆ ಮಾಡಿ ಎಂದು ಆ ಕೋರ್ಟನ್ನೇ ಕೇಳಬಹುದು. ನೂರಾರು ಸಾವುಗಳ ಎಫ್‌ಐಆರ್‌ನಲ್ಲಿ ಇವರ ಹೆಸರುಗಳು ಹೂತುಹೋಗಿದ್ದು, ಈ ಎರಡು ಕೊಲೆಗಳಿಗೆ ಯಾರ ಮೇಲೂ ಆರೋಪವೇ ಹೊರಿಸಿರದಿದ್ದರೆ, ಬೇರೆಯಾಗಿ ತನಿಖೆ ಕೇಳಲು ಬಲವಾದ ಆಧಾರವಿದೆ. ಕಷ್ಟವಿರುವುದು ಮೂರನೆಯದರಲ್ಲಿ. ಅತ್ತೆಯವರು ಹೆಸರಿಸುವ ವ್ಯಕ್ತಿಯೇ ವಿಚಾರಣೆ ಎದುರಿಸಿ ಖುಲಾಸೆಯಾಗಿದ್ದರೆ ಅವನನ್ನು ಅದೇ ಕೊಲೆಗೆ ಮತ್ತೆ ವಿಚಾರಣೆಗೆ ಎಳೆಯುವಂತಿಲ್ಲ. ಉಳಿದಿರುವುದು ತಡವಾದ ಮೇಲ್ಮನವಿ ಅಥವಾ ಹೈಕೋರ್ಟೇ ತಾನಾಗಿ ಕೈಗೆತ್ತಿಕೊಳ್ಳುವ ಮರುಪರಿಶೀಲನೆ. 2017ರಲ್ಲಿ ದಿಲ್ಲಿ ಹೈಕೋರ್ಟ್ ಎಂಬತ್ತರ ದಶಕದ ಐದು ಖುಲಾಸೆಗಳ ಬಗ್ಗೆ ಹಾಗೆ ನೋಟಿಸ್ ಕೊಟ್ಟಿತು. ಆದರೂ ವಿಳಂಬದ ಕಾರಣಕ್ಕೆ ಅರ್ಜಿಗಳು ಬಿದ್ದುಹೋಗುವುದೇ ಹೆಚ್ಚು. ಆರೋಪಿ ಸತ್ತಿದ್ದರೆ ಪ್ರಕರಣವೂ ಅಲ್ಲಿಗೆ ಮುಗಿಯುತ್ತದೆ. ಈ ಸಾಧ್ಯತೆಯನ್ನು ಅತ್ತೆಯವರಿಗೆ ಮೊದಲೇ ಹೇಳಿ.

ಎಫ್‌ಐಆರ್ ಹುಡುಕುತ್ತಿರುವಾಗಲೇ ಅವರ ನೆನಪನ್ನು ಒಮ್ಮೆ, ಸರಿಯಾಗಿ, ದಾಖಲಿಸಿಡಿ. ಪಂಜಾಬಿಯಲ್ಲೇ ಆಗಲಿ. ಕೇಳುವವರು ಕುಟುಂಬದ ಹೊರಗಿನವರಾಗಿರಲಿ, ವಕೀಲರಾದರೆ ಉತ್ತಮ. ನಿಮ್ಮ ಹೆಂಡತಿಗೂ ಆ ದಿನದ ನೆನಪಿದ್ದರೆ ಅವರು ಆ ಕೋಣೆಯಲ್ಲಿ ಇರಬಾರದು. ಇಬ್ಬರ ನೆನಪು ಬೆರೆತರೆ ಎರಡೂ ಕೆಡುತ್ತವೆ. 'ಅವನ ಕೈಯಲ್ಲಿ ಕಬ್ಬಿಣದ ಸಲಾಕೆ ಇತ್ತಲ್ಲವೇ' ಎಂಬಂಥ ಪ್ರಶ್ನೆ ಬೇಡ, 'ಆಮೇಲೆ ಏನಾಯಿತು' ಎಂಬುದು ಸಾಕು. ಕಂಡದ್ದು, ಕೇಳಿದ್ದು ಬೇರೆ ಬೇರೆಯಾಗಿ ಬರಲಿ. ಎಷ್ಟು ಹೊತ್ತಿಗೆ, ಬೆಳಕು ಹೇಗಿತ್ತು, ಎಷ್ಟು ದೂರದಿಂದ ಕಂಡರು, ಆ ಮನುಷ್ಯನ ಹೆಸರು ಮೊದಲೇ ಹೇಗೆ ಗೊತ್ತಿತ್ತು ಎಂಬುದರ ಮೇಲೆಯೇ ಪಾಟೀಸವಾಲು ನಡೆಯುತ್ತದೆ. ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಹೇಳಲಿ. ತೆರವನ್ನು ತುಂಬಲು ಹೋದವರ ಸಾಕ್ಷ್ಯವೇ ಮೊದಲು ಮುರಿಯುವುದು. ಮುಖ ನೆನಪಿರುವ ಇಬ್ಬರ ಫೋಟೊ ಹುಡುಕಿ ತೋರಿಸಲು ಮಾತ್ರ ಹೋಗಬೇಡಿ. ಮುಂದೆ ಗುರುತಿಸಿದರೂ 'ಫೋಟೊ ನೋಡಿ ಕಲಿತದ್ದು' ಎಂದು ಎದುರು ವಕೀಲರು ಅದನ್ನು ಅಳಿಸಿಹಾಕುತ್ತಾರೆ. ನಡುನಡುವೆ ವಿರಾಮ ಕೊಡಿ, ಅಂದು ರಾತ್ರಿ ಅವರನ್ನು ಒಂಟಿಯಾಗಿ ಬಿಡಬೇಡಿ.

ಆ ವಿಡಿಯೊ ಕಡತವನ್ನು ಕತ್ತರಿಸದೆ, ಮೂಲ ಸಾಧನದಲ್ಲೇ ಇಡಿ, ಎರಡು ಪ್ರತಿ ಮಾಡಿ. ಈಗಿನ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಗುರುತು) ಬರೆಯಬೇಕು, ಅದನ್ನು ಅಂದೇ ತೆಗೆದಿಟ್ಟುಕೊಳ್ಳಿ. ಅಂತರ್ಜಾಲಕ್ಕೆ ಹಾಕಬೇಡಿ, ಯಾವ ಗುಂಪಿಗೂ ಕೊಡಬೇಡಿ. ಹೋರಾಟದ ವಿಡಿಯೊದಲ್ಲಿ ಎರಡು ನಿಮಿಷಕ್ಕೆ ಕತ್ತರಿಸಿದ ಮಾತು, ಹಿನ್ನೆಲೆಯ ಘೋಷಣೆ ಎಲ್ಲವೂ ಮುಂದೆ ಅವರ ವಿರುದ್ಧವೇ ಬರುತ್ತವೆ.

ಇಷ್ಟು ಮಾಡಿದರೂ ಅದು ಸಾಕ್ಷ್ಯವಾಗುವುದಿಲ್ಲ, ಸಾಕ್ಷ್ಯದ ಬೀಜವಾಗುತ್ತದೆ. ಎದುರು ಪಕ್ಷ ಪ್ರಶ್ನಿಸಲಾಗದ ಹೇಳಿಕೆಯ ಗತಿ ಏನಾಗುತ್ತದೆ ಎಂಬುದಕ್ಕೆ ಕೆನಡಾದ್ದೇ ನೋವಿನ ನಿದರ್ಶನವಿದೆ. 1985ರಲ್ಲಿ 329 ಜನರನ್ನು ಬಲಿ ತೆಗೆದುಕೊಂಡ ಏರ್ ಇಂಡಿಯಾ ಕನಿಷ್ಕ ಸ್ಫೋಟದ ಪ್ರಕರಣದಲ್ಲಿ ಪತ್ರಕರ್ತ ತಾರಾ ಸಿಂಗ್ ಹೇಯರ್ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದರು. 1998ರಲ್ಲಿ ಅವರನ್ನು ಕೊಂದರು. ಆ ಹೇಳಿಕೆ ವಿಚಾರಣೆಗೆ ಒದಗಲಿಲ್ಲ. ಕನಿಷ್ಕದವರಿಗೂ ನ್ಯಾಯ ಅರ್ಧಕ್ಕೇ ನಿಂತಿದೆ, ಅದನ್ನು 1984ರಷ್ಟೇ ನೋವಿನಿಂದ ಹೇಳಬೇಕು. ಆದ್ದರಿಂದ ಗುರಿ ಒಂದೇ: ಪ್ರಕರಣ ತೆರೆದೊಡನೆ ನ್ಯಾಯಾಧೀಶರ ಮುಂದೆ, ಪಾಟೀಸವಾಲಿನೊಂದಿಗೆ ಅವರ ಸಾಕ್ಷ್ಯ ಆಗುವಂತೆ ನೋಡಿಕೊಳ್ಳುವುದು. ವಯಸ್ಸಿನ ಕಾರಣ ಕೊಟ್ಟು ಅವರ ಸರದಿಯನ್ನು ಮುಂದಕ್ಕೆ ತರಲು ನಿಮ್ಮ ವಕೀಲರು ಕೇಳಬಹುದು.

ಅದಕ್ಕಾಗಿ ದಿಲ್ಲಿಗೇ ಹೋಗಬೇಕೆಂದಿಲ್ಲ. ವಿಡಿಯೊ ಮೂಲಕ ಸಾಕ್ಷ್ಯ ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ದಿಲ್ಲಿ ಹೈಕೋರ್ಟಿನ ನಿಯಮಗಳಂತೆ ಸಾಕ್ಷಿ ವಿದೇಶದಲ್ಲಿದ್ದರೆ ಭಾರತೀಯ ದೂತಾವಾಸದ ಅಧಿಕಾರಿ ಅಲ್ಲಿನ ಸಂಯೋಜಕರಾಗಿ ಕೂರುತ್ತಾರೆ. ನಿಮಗೆ ಸ್ಯಾನ್ ಫ್ರಾನ್ಸಿಸ್ಕೊ. ಸಲ್ಲಿಸಬೇಕಾದ ಅಫಿಡವಿಟ್ ಇದ್ದರೆ ಪಂಜಾಬಿಯಲ್ಲಿ ಓದಿ ಹೇಳಿ, ಹಾಗೆ ಓದಿ ಹೇಳಲಾಗಿದೆ ಎಂದು ಅನುವಾದಕರ ಸಹಿಯೊಂದಿಗೆ ಬರೆಸಿ, ನೋಟರಿ ಮಾಡಿಸಿ, ಕ್ಯಾಲಿಫೋರ್ನಿಯಾ ರಾಜ್ಯ ಸರ್ಕಾರದ ಅಪೊಸ್ಟಿಲ್ (ಹೊರದೇಶದಲ್ಲಿ ಮಾನ್ಯವಾಗುವ ದೃಢೀಕರಣ) ಹಾಕಿಸಿ. ದಿಲ್ಲಿಯ ನೆಂಟರಿಗೆ ಬೆದರಿಕೆ ಬಂದರೆ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಅರ್ಜಿ ಹಾಕಬಹುದು, ಅದು ಸಾಕ್ಷಿಯ ಕುಟುಂಬಕ್ಕೂ ಅನ್ವಯಿಸುತ್ತದೆ.

ಒಂದು ಕಾಗದವನ್ನು ಅನೇಕರು ಮರೆತೇಬಿಡುತ್ತಾರೆ: ಆಶ್ರಯ ಕೋರಿ ಅಮೆರಿಕಕ್ಕೆ ಕೊಟ್ಟ ಅರ್ಜಿ. ಅದರಲ್ಲಿ 1984ರ ಬಗ್ಗೆ ಏನು ಬರೆದಿದೆ? ಹೆಸರು ಇಲ್ಲವೇ, ದಿನ ತಪ್ಪಿದೆಯೇ, ಯಾರೋ ಏಜೆಂಟ್ ಬಣ್ಣ ಹಚ್ಚಿದ್ದಾರೆಯೇ? ಆಯೋಗದ ಅಫಿಡವಿಟ್‌ಗೆ ಇರುವ ರಕ್ಷಣೆ ಇದಕ್ಕಿಲ್ಲ. ಅಮೆರಿಕದ ವಲಸೆ ಇಲಾಖೆಯಿಂದ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಅವರ ಪೂರ್ತಿ ಕಡತದ ಪ್ರತಿ ತರಿಸಿ, ದಿಲ್ಲಿಯ ವಕೀಲರಿಗೆ ಮೊದಲೇ ತೋರಿಸಿ. ಅದರಲ್ಲಿ ಗಂಭೀರ ಸುಳ್ಳು ಇದ್ದರೆ ಅಮೆರಿಕದ ವಲಸೆ ವಕೀಲರನ್ನು ಕಾಣದೆ ಒಂದು ಹೆಜ್ಜೆಯೂ ಮುಂದಿಡಬೇಡಿ. ನಿಮ್ಮ ನೆಂಟರು ಹೆದರುವುದಕ್ಕಿಂತ ನಿಜವಾದ ಅಪಾಯ ಇಲ್ಲಿದೆ.

ನೆಂಟರ ಭಯಕ್ಕೆ ಬರೋಣ. ಕೊಲೆ ಪ್ರಕರಣದಲ್ಲಿ ಸಾಕ್ಷಿ ಹೇಳಿದ್ದಕ್ಕೆ ಒಸಿಐ ರದ್ದಾಗುವುದಿಲ್ಲ. ಪ್ರವೇಶ ನಿಷೇಧದ ಪಟ್ಟಿಯ ಹೆದರಿಕೆ ಸಿಖ್ಖರಲ್ಲಿ ಹಳೆಯದು; 2019ರಲ್ಲಿ ಕೇಂದ್ರ ಸರ್ಕಾರ ಆ ಪಟ್ಟಿಯಲ್ಲಿದ್ದ 314 ವಿದೇಶಿ ಸಿಖ್ಖರಲ್ಲಿ 312 ಹೆಸರು ತೆಗೆಯಿತು. ಅಪಾಯವಿರುವುದು ಹಣ ಕೊಡುವುದರಲ್ಲಿ. 1984ರ ನ್ಯಾಯದ ಹೆಸರಿನಲ್ಲಿ ಮೇಲಿನ ಅಮೆರಿಕದ ದಾವೆಗಳನ್ನು ಹೂಡಿದ 'ಸಿಖ್ಸ್ ಫಾರ್ ಜಸ್ಟಿಸ್' ಸಂಘಟನೆ ಖಾಲಿಸ್ತಾನಕ್ಕಾಗಿ ಜನಮತ ಸಂಗ್ರಹವನ್ನೂ ನಡೆಸುತ್ತದೆ; 2019ರಿಂದ ಭಾರತದಲ್ಲಿ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ (ಯುಎಪಿಎ) ಅಡಿ ನಿಷೇಧಿತ. ಅಂಥ ಸಂಘಟನೆಗೆ ವಂತಿಗೆ ಕೊಡುವುದು ಭಾರತದ ಪೌರರಾದ ನಿಮಗೆ ನೇರ ಅಪರಾಧ, ಅತ್ತೆಯವರ ಒಸಿಐಗೂ ಆಗ ನಿಜವಾದ ಕುತ್ತು. ಗುಂಪಿನ ನೋಂದಾಯಿತ ಹೆಸರು, ಪದಾಧಿಕಾರಿಗಳು, ಹಣ ಹೋಗುವ ಖಾತೆ ಮೂರನ್ನೂ ಕೇಳಿ ತಿಳಿಯಿರಿ. ಗಂಡನನ್ನು ಕಳೆದುಕೊಂಡವಳ ಸಾಕ್ಷ್ಯಕ್ಕೂ ಪ್ರತ್ಯೇಕ ದೇಶದ ಬೇಡಿಕೆಗೂ ಸಂಬಂಧವಿಲ್ಲ. ಆ ಎರಡನ್ನೂ ಒಂದೇ ವೇದಿಕೆಗೆ ತಂದರೆ ಲಾಭವಾಗುವುದು ಕೊಂದವನ ವಕೀಲನಿಗೆ. ಭಾರತದ ಸಂಸ್ಥೆಗೆ ಅತ್ತೆಯವರು ದೇಣಿಗೆ ಕೊಡುವುದಿದ್ದರೆ ಆ ಸಂಸ್ಥೆಗೆ ವಿದೇಶಿ ದೇಣಿಗೆಯ ನೋಂದಣಿ ಇರಬೇಕು, ಹಣ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಹೋಗಬೇಕು. ಒಸಿಐ ಇರುವವರ ಹಣವೂ ವಿದೇಶಿ ಹಣವೇ.

ನೀವು ಬೀದರ್‌ನವರು. 1988ರಲ್ಲಿ ನಿಮ್ಮೂರಿನಲ್ಲೇ ಸಿಖ್ ವಿದ್ಯಾರ್ಥಿಗಳು ಗಲಭೆಯಲ್ಲಿ ಕೊಲೆಯಾದದ್ದು ನಿಮಗೆ ತಿಳಿದೇ ಇರುತ್ತದೆ. ಅದನ್ನು ಕಂಡವರು ಯಾರಾದರೂ ಹೊರದೇಶದಲ್ಲಿದ್ದರೆ ಅವರಿಗೂ ಈ ಕ್ರಮವೇ ಅನ್ವಯಿಸುತ್ತದೆ.

ಮಾಹಿತಿ ಹಕ್ಕಿನ ಅರ್ಜಿಗೆ ಮೂವತ್ತು ದಿನದಲ್ಲಿ ಉತ್ತರ ಬರಬೇಕು. ವಲಸೆ ಕಡತಕ್ಕೆ ತಿಂಗಳುಗಳು ಹಿಡಿಯಬಹುದು. ಎರಡನ್ನೂ ಒಂದೇ ದಿನ ಹಾಕಿ. ಆದರೆ ಅದಕ್ಕೂ ಮೊದಲು ಅತ್ತೆಯವರನ್ನು ಒಂದು ಮಾತು ಕೇಳಿ: ಅವರಿಗೆ ಇದು ಬೇಕೇ? ಬೇಡ ಎನ್ನುವ ಹಕ್ಕೂ ಅವರದೇ. ಬೇಕು ಎಂದರೆ, ಕೊಲೆ ವಿಚಾರಣೆಗಳಲ್ಲಿ ಸಂತ್ರಸ್ತರ ಪರ ಕೆಲಸ ಮಾಡಿದ ದಿಲ್ಲಿಯ ವಕೀಲರೊಬ್ಬರನ್ನು ಹುಡುಕಿ, ಅವರ ಸಲಹೆ ಪಡೆದ ಮೇಲೆಯೇ ಕ್ಯಾಮೆರಾ ತೆರೆಯಿರಿ.